ಗೌಂಡಿ ಮನೆಯ ಪಥ್ಯ

ಹುಮನಾಬಾದಿನಲ್ಲಿ ಮನೆ ಕಟ್ಟುವ ಗೌಂಡಿ ಬಸವಣಪ್ಪನ ಮನೆಯಲ್ಲಿ ಆ ಭಾನುವಾರ ಮಧ್ಯಾಹ್ನ ಪುಂಡಿಪಲ್ಯ ಉಂಡವರು ನಾಲ್ಕು ಜನ. ವಾಂತಿ ಮಾಡಿಕೊಂಡವರು ಒಬ್ಬರು. ಮಾಡಿಕೊಳ್ಳಬೇಕಾಗಿದ್ದವರು ಅವರಲ್ಲ ಎಂಬುದರಿಂದಲೇ ಇಷ್ಟೆಲ್ಲ ಹೇಳಬೇಕಾಗಿ ಬಂದಿದೆ.

ಮಾಡಿಕೊಳ್ಳಬೇಕಾಗಿದ್ದವನು ಮಗ ಧನರಾಜ. ಅವನಿಗಾಗಿಯೇ ತಾಯಿ ತುಳಜಾಬಾಯಿ ಮಾಣಿಕನಗರದಲ್ಲಿ ಬೇರು-ನಾರು ಹರವಿಕೊಂಡು ಕೂತವನೊಬ್ಬನಿಂದ ಕುಡಿತ ಬಿಡಿಸುವ ಪುಡಿ ತಂದಿದ್ದಳು. ಹೊಟ್ಟೆಯಲ್ಲಿ ಸಾರಾಯಿ ಇದ್ದವರನ್ನು ಮಾತ್ರ ಪುಡಿ ಹಿಡಿಯುತ್ತದೆ, ಇಲ್ಲದವರಿಗೆ ಏನೂ ಆಗುವುದಿಲ್ಲ ಎಂದು ಅವನು ಆಣೆ ಮಾಡಿ ಹೇಳಿದ್ದ. ಒಬ್ಬನ ತಾಟಿಗೆ ಹಾಕಿದರೆ ಅನುಮಾನ ಬರುತ್ತದೆಂದು ತುಳಜಾಬಾಯಿ ಇಡೀ ಗಡಿಗೆಗೆ ಸುರಿದಳು. ಪುಂಡಿ ಸೊಪ್ಪಿನ ಹುಳಿಯಲ್ಲಿ ಎಂಥ ಪುಡಿಯೂ ಮುಚ್ಚಿಹೋಗುತ್ತದೆ. ಎಲ್ಲ ಸರಿಯಾಗಿಯೇ ಇತ್ತು, ಧನರಾಜ ಮಾತ್ರ ಆ ದಿನ ಊಟಕ್ಕೆ ಬರಲಿಲ್ಲ.

ಅವನು ಬಂದಿಲ್ಲವೆಂದು ಬಸವಣಪ್ಪ ಮಗನ ಪಾಲಿನ ಪಲ್ಯವನ್ನೂ ಹಾಕಿಸಿಕೊಂಡು, ಕುಡುಕರ ಹಣೆಬರಹವನ್ನು ಬೈಯುತ್ತ ಉಂಡ. ನಾಲ್ಕನೆಯ ರೊಟ್ಟಿ ಮುರಿಯುವ ಹೊತ್ತಿಗೆ ಮುಖ ಕೆಂಪಾಯಿತು, ಕಿವಿಯ ಹಿಂದೆ ಬೆವರು ಇಳಿಯಿತು. ತಾಟು ಬಿಟ್ಟೆದ್ದವನು ಬಚ್ಚಲಿಗೆ ಓಡಿದ.

“ಅತ್ತಿ, ಮಾವಾರಿಗಿ ಏನಾತ್ರಿ?” ಸೊಸೆ ವಿದ್ಯಾವತಿ ತಂಬಿಗೆ ಹಿಡಿದು ಎದ್ದಳು.

ತುಳಜಾಬಾಯಿ ಎದ್ದೇಳಲಿಲ್ಲ. ಬಚ್ಚಲಿನ ಕಡೆ ನೋಡಿದಳು, ಗಡಿಗೆಯ ಕಡೆ ನೋಡಿದಳು. ಹನ್ನೊಂದು ವರ್ಷದ ಮೊಮ್ಮಗಳು ವಿಜಯಶ್ರೀಯನ್ನು ನೋಡಿ, “ನಿನಗೇನರೆ ಆಗಾಕತ್ತದೇನು?” ಎಂದು ಕೇಳಿದಳು.

“ಇಲ್ಲ ಆಯಿ. ಇನ್ನೊಂದು ರೊಟ್ಟಿ ಹಾಕು.”

“ವಿದ್ಯಾ, ನಿನಗ?”

“ನನಗೇನೂ ಇಲ್ರಿ.”

“ನನಗೂ ಏನೂ ಇಲ್ಲ,” ಎಂದು ತುಳಜಾಬಾಯಿ ಎದ್ದು, ಗಂಡ ಕರಣಿ ಮತ್ತು ಗೋಡೆಯ ನೇರ ನೋಡುವ ದಾರದ ಗುಂಡು ಇಡುವ ಹಳೆಯ ಚೀಲವನ್ನು ಗೂಟದಿಂದ ಇಳಿಸಿ ಅಲ್ಲಿಯೇ ಬೋರಲು ಹಾಕಿದಳು. ಕರಣಿ ಬಿತ್ತು, ಗುಂಡು ಬಿತ್ತು, ಅವುಗಳ ಹಿಂದೆ ಐದು ಸಾರಾಯಿ ಪಾಕೀಟು ಬಿದ್ದವು.

ಬಸವಣಪ್ಪ ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದ. ನೆಲ ನೋಡಿದ. “ಪುಂಡಿ ಹಳೇದಿತ್ತು,” ಅಂದ.

“ಮುತ್ಯಾ, ನೀನೂ ಕುಡೀತೀಯೇನು?” ವಿಜಯಶ್ರೀ ಕೇಳಿದಳು.

“ಹಲ್ಲು ನೋಯತದ ಕೂಸ. ಹಲ್ಲಿಗಷ್ಟ.”

ಬಸವಣಪ್ಪನ ಬಾಯಲ್ಲಿ ಉಳಿದಿದ್ದ ಹಲ್ಲು ಏಳು. ಅವಕ್ಕೆ ಐದು ಪಾಕೀಟು ಹೆಚ್ಚಾಯಿತು ಎಂದು ವಿದ್ಯಾವತಿಗೆ ಅನ್ನಿಸಿದರೂ ಮಾವನ ಮುಂದೆ ಬಾಯಿ ಬಿಡಲಿಲ್ಲ.

ಪ್ರತಿದಿನ ಮುಂಜಾನೆ ಅಂಗಳದಲ್ಲಿ ನಿಂತು ಮಗನಿಗೆ ಕುಡುಕ, ಮನೆಹಾಳ ಎಂದು ಓಣಿಗೆಲ್ಲ ಕೇಳುವಂತೆ ಮಂಗಳಾರತಿ ಎತ್ತುತ್ತಿದ್ದ ಮನುಷ್ಯ ಇವನು. ಮರುದಿನ ಮುಂಜಾನೆ ಅಂಗಳಕ್ಕೆ ಬಂದವನು ಕೆಮ್ಮಿದ, ಆಕಾಶ ನೋಡಿ “ಮೋಡ ಆಗ್ಯದ” ಅಂದ, ಒಳಗೆ ಹೋದ.

ಧನರಾಜನ ವಿಚಾರ ಬೇರೆ. ಅವನು ಹಲ್ಲು ಗಿಲ್ಲು ಅನ್ನುತ್ತಿರಲಿಲ್ಲ. ನಾಲ್ಕು ವರ್ಷದಿಂದ, ಅಂದರೆ ಕಿಲ್ಲಾರಿಯ ಭೂಕಂಪ ಆದ ವರ್ಷದಿಂದ, ಬಹಿರಂಗವಾಗಿ ಕುಡಿಯುತ್ತಿದ್ದ. ಅಪ್ಪನಿಗಿಂತ ಒಳ್ಳೆಯ ಗೌಂಡಿ. ಆದರೆ ಈಗ ಗೋಡೆ ಕಟ್ಟುತ್ತಿದ್ದನೇ ಹೊರತು ಮಾಳಿಗೆಯ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಗೋಡೆಯಲ್ಲೂ ಒಂದು ಕಬ್ಬಿಣ ಹಾಕುವ ಕಡೆ ಮೂರು ಹಾಕುತ್ತಿದ್ದ. ದುಬಲಗುಂಡಿಯ ಒಬ್ಬ ಸಾಹುಕಾರ “ಸಂಡಾಸ ಕಟ್ಟಪಾ ಅಂದ್ರ ಕಿಲ್ಲೆ ಕಟ್ಟೀದಿ” ಎಂದು ಜಗಳಕ್ಕೆ ಬಂದಿದ್ದ. ಮನೆಯಲ್ಲಿ ಉಣ್ಣುವಾಗ ಹೊಸ್ತಿಲ ಮೇಲೆಯೇ ಕೂರುತ್ತಿದ್ದ. ಮಲಗುವುದು ಮಳೆಯಿರಲಿ ಚಳಿಯಿರಲಿ ಅಂಗಳದಲ್ಲಿ, ಹೊರಸಿನ ಮೇಲೆ. ಕುಡುಕನಿಗೆ ನಾಚಿಕೆ, ಅದಕ್ಕೇ ಹೊರಗೆ ಮಲಗುತ್ತಾನೆಂದು ಮನೆಯವರು ತೀರ್ಮಾನಿಸಿದ್ದರು. ಕಿಲ್ಲಾರಿಯಲ್ಲಿ ಅವನು ಹೆಣ ತೆಗೆಯಲು ಹೋಗಿದ್ದು ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಏನಾಯಿತೆಂದು ಅವನು ಯಾರಿಗೂ ಹೇಳಿರಲಿಲ್ಲ. “ಉಣ್ಣೋ ಹೊತ್ತಿಗಿ ಆ ಊರ ಹೆಸರು ತಗೀಬ್ಯಾಡ್ರಿ” ಎಂದು ತುಳಜಾಬಾಯಿ ಆಗಲೇ ಕಟ್ಟಪ್ಪಣೆ ಮಾಡಿದ್ದಳು. ಗೌಂಡಿಗಳ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಮಾತಾಡುವುದು ಉಣ್ಣುವ ಹೊತ್ತಿಗೆ ಮಾತ್ರ. ಹೀಗಾಗಿ ನಾಲ್ಕು ವರ್ಷ ಆ ಹೆಸರು ಮನೆಯೊಳಗೆ ಬರಲೇ ಇಲ್ಲ.

ಪಂಚಮಿಗೆ ತಂಗಿಯನ್ನು ಕರೆಯಲು ಬಸವಕಲ್ಯಾಣದಿಂದ ವಿದ್ಯಾವತಿಯ ಅಣ್ಣ ಶರಣಕುಮಾರ ಬಂದ. ಅಲ್ಲಿ ಅವನದು ಕಿರಾಣಿ ಅಂಗಡಿ. ತೂಕ ಮಾಡಿ ಮಾಡಿ ಮಾತನ್ನೂ ಚೀಟಿ ಕಟ್ಟಿ ಕೊಡುವ ಸ್ವಭಾವ. ಪುಂಡಿಪಲ್ಯದ ಸುದ್ದಿ ಅವನಿಗೆ ಅದಾಗಲೇ ಮುಟ್ಟಿತ್ತು. ಹುಮನಾಬಾದಿನ ಸುದ್ದಿ ಬಸವಕಲ್ಯಾಣಕ್ಕೆ ಮೊದಲನೇ ಬಸ್ಸಿಗೇ ಹೋಗುತ್ತದೆ.

“ಕಾಕಾ, ಒಬ್ಬ ಕುಡುಕನ ಮನ್ಯಾಗ ತಂಗೀನ ಬಿಟ್ಟೇನಿ ಅನ್ಕೊಂಡಿದ್ದೆ. ಇಬ್ಬರದೀರಿ.”

“ನಂದು ಹಲ್ಲಿಂದು, ಶರಣಪ್ಪಾ.”

“ಯಾವುದರೆ ಇರ್ಲಿ. ಈ ಸಲ ತಂಗೀನ ಮತ್ತ ಹುಡುಗೀನ ಕರಕೊಂಡು ಹೋದ್ರ ಸುಮ್ಮನ ಕಳಸಂಗಿಲ್ಲ. ನಮ್ಮ ಊರಾಗ ಕುಡಿತ ಬಿಡಸೋ ಶಿಬಿರ ಹಚ್ಚಾಕತ್ತಾರ, ಹತ್ತು ದಿನದ್ದು. ಇಬ್ಬರೂ ಬರ್ರಿ. ಆಮ್ಯಾಲ ಗಣಪತಿ ನೀರಿಗಿ ಕಳಿಸೋ ತನಕ ನೋಡತೀನಿ. ಅಷ್ಟರಾಗ ಇವರು ನೆಟ್ಟಗಾದ್ರ ಅಕಿ ಇಲ್ಲಿ. ಇಲ್ಲಂದ್ರ ಅಕಿ ಸಂಸಾರ ನನ್ನ ಮನ್ಯಾಗ.”

ಧನರಾಜ ಹೊಸ್ತಿಲ ಮೇಲೆ ಕೂತು ಕೇಳಿದ. ವಿದ್ಯಾವತಿ ಒಳಗೆ ಚೀಲಕ್ಕೆ ಸೀರೆ ತುಂಬುತ್ತಿದ್ದಳು. ಹದಿಮೂರು ವರ್ಷದ ಸಂಸಾರ, ಅದರಲ್ಲಿ ಒಂಬತ್ತು ವರ್ಷ ಚೆಂದದ್ದು. ಅವಳಿಗೆ ಹೋಗಲು ಮನಸ್ಸಿರಲಿಲ್ಲ, ಇರಲು ಧೈರ್ಯವಿರಲಿಲ್ಲ. ನಾಲ್ಕು ಸೀರೆ ಸಾಕಾಗಿದ್ದ ಕಡೆ ಎಂಟು ತುಂಬಿದಳು.

ಶಿಬಿರ ನಡೆದದ್ದು ಒಂದು ಕಲ್ಯಾಣ ಮಂಟಪದಲ್ಲಿ. ನಲವತ್ತು ಜನ ಕುಡುಕರು, ನಲವತ್ತು ಚಾಪೆ. ನಡೆಸುತ್ತಿದ್ದ ಮುಖ್ಯಸ್ಥರು ಬಿಳಿ ಪಂಚೆಯ ಸಾತ್ವಿಕರು, ಕುಡಿತವೆಂದರೆ ಕೆಟ್ಟ ಬುದ್ಧಿ, ಅದನ್ನು ಭಾಷಣದಿಂದ ತೆಗೆಯಬಹುದೆಂದು ನಂಬಿದವರು. ಬಸವಣಪ್ಪ ಮೊದಲ ದಿನ ಮುಂದಿನ ಸಾಲಿನಲ್ಲಿ ಕೂತು ಭಾಷಣಕ್ಕೆ ತಲೆದೂಗಿದ. ತಾನು ಮಗನ ಜೊತೆಗೆ ಬಂದ ಪಾಲಕ ಎಂದು ಪಕ್ಕದವರಿಗೆ ಹೇಳಿಕೊಂಡ. ಆಗ ಮುಖ್ಯಸ್ಥರು ಪಟ್ಟಿ ಓದಿದರು. ಹದಿನೇಳನೆಯ ಹೆಸರು ಧನರಾಜ, ಹದಿನೆಂಟನೆಯದು ಬಸವಣಪ್ಪ. ಇಬ್ಬರಿಗೂ ಕಿವಿ ಹಿಡಿದು ನಿಲ್ಲಲು ಹೇಳಿದರು.

ಮಧ್ಯಾಹ್ನ ಊಟವಾದ ಮೇಲೆ ಯಾರೂ ಓಡಿಹೋಗಬಾರದೆಂದು ದೊಡ್ಡ ಕದಕ್ಕೆ ಹೊರಗಿನಿಂದ ಬೀಗ ಹಾಕಿದರು. ಬೀಗದ ಸಪ್ಪಳ ಕೇಳಿ ಧನರಾಜ ಎದ್ದು ಕೂತ. ಮೇಲೆ ಸ್ಲ್ಯಾಬು ನೋಡಿದ. ಆಮೇಲೆ ಅವನು ಹೇಗೆ ಹೋದನೆಂದು ಪಕ್ಕದ ಚಾಪೆಯವನಿಗೂ ತಿಳಿಯಲಿಲ್ಲ. ಕಿಟಕಿಯ ಜಾಳಿಗೆ ಚೌಕಟ್ಟಿನ ಸಮೇತ ಹೊರಗೆ ಬಿದ್ದಿತ್ತು. ಗೌಂಡಿಗೆ ಯಾವ ಚೌಕಟ್ಟು ಎಲ್ಲಿ ಸಡಿಲ ಅನ್ನುವುದು ಗೊತ್ತಿರುತ್ತದೆ.

“ಸಾರಾಯಿ ಅಂಗಡೀಗೆ ಹೋಗ್ಯಾನ,” ಮುಖ್ಯಸ್ಥರು ಅಂದರು.

“ನಾ ಹೋಗಿ ಹುಡುಕಿ ಬರತೀನ್ರಿ. ಊರಾಗಿನ ಎಲ್ಲಾ ಅಂಗಡಿ ನೋಡಿ ಬರತೀನಿ,” ಎಂದು ಬಸವಣಪ್ಪ ಬಹಳ ಉತ್ಸಾಹದಿಂದ ಚಪ್ಪಲಿ ಮೆಟ್ಟಿದ. ಅವನನ್ನು ಕೂರಿಸಿದರು.

ಧನರಾಜ ಸಿಕ್ಕಿದ್ದು ಶಾಯಿಸ್ತಾಳಿಗೆ. ಶಿಬಿರಕ್ಕೆ ಗುಳಿಗೆ ಕೊಡಲು, ರಕ್ತದ ಒತ್ತಡ ನೋಡಲು ಬರುತ್ತಿದ್ದ ನರ್ಸು ಅವಳು, ಆ ಊರಿನವಳೇ, ನಲವತ್ತೈದರ ಹೆಂಗಸು. ಎಲ್ಲರೂ ಸಾರಾಯಿ ಅಂಗಡಿಗಳ ಕಡೆ ಹೋದಾಗ ಅವಳು ಎದುರಿನ ಬಯಲಿಗೆ ಹೋದಳು. ಬಯಲಿನ ನಟ್ಟನಡುವೆ, ಸುತ್ತ ಯಾವ ಗೋಡೆಯೂ ಹತ್ತಿರವಿಲ್ಲದ ಕಡೆ ಧನರಾಜ ಬಿಸಿಲಲ್ಲಿ ಕೂತು ನಡುಗುತ್ತಿದ್ದ. ಅವಳು ಹಿಂದಿನಿಂದ ಹೋಗಲಿಲ್ಲ. ಸುತ್ತು ಹಾಕಿ ಎದುರಿನಿಂದ ಬಂದು, ನಾಲ್ಕು ಮಾರು ದೂರದಲ್ಲೇ ನಿಂತಳು.

“ತಮ್ಮಾ, ಇಲ್ಲಿ ಕುಂದರಲೇನು?”

ಧನರಾಜ ಅವಳನ್ನು ನೋಡಿದ. ಯಾರೂ ಅವನನ್ನು ಯಾವುದಕ್ಕೂ ಕೇಳಿ ಬಹಳ ದಿನವಾಗಿತ್ತು. “ಕುಂದರ್ರಿ,” ಅಂದ. ಅವಳು ಕೂತ ಮೇಲೆ ಅವನೇ, “ಕುಡದೀಯೇನು ಅಂತ ಕೇಳಂಗಿಲ್ರೇನು?” ಅಂದ.

“ಅದನ್ನ ಕೇಳಾಕ ಊರ ತುಂಬ ಜನ ಅದಾರ. ಗ್ವಾಡಿ ಬಿಟ್ಟು ಇಷ್ಟು ದೂರ ಬಂದು ಯಾಕ ಕುಂತೀದಿ, ಅದನ್ನ ಕೇಳಬೇಕಂತ ಬಂದೇನಿ. ಹೇಳಬೇಕನಸಿದ್ರ ಹೇಳು. ಬ್ಯಾಡನಸಿದ್ರ ಬ್ಯಾಡ.”

“ನಿಮಗ ಹ್ಯಾಂಗ ಮಾಲೂಮಾತ್ರಿ?”

“ಕಿಲ್ಲಾರಿ ಕಡಿ ಆರು ತಿಂಗಳ ಡೇರೇದಾಗ ಕೆಲಸ ಮಾಡೇನಿ. ಅಲ್ಲಿ ಯಾರೂ ಗ್ವಾಡಿ ಬಾಜೂಕ ಕುಂದರತಿರಲಿಲ್ಲ.”

ಆ ಹೆಸರು ಕೇಳಿದ ಮೇಲೆ ಧನರಾಜ ಬಾಯಿಬಿಟ್ಟ. ಆ ಕಡೆಯ ಒಂದು ಹಳ್ಳಿಯಲ್ಲಿ ಅವನು ಆ ವರ್ಷದ ಬೇಸಿಗೆಯಲ್ಲಿ ಒಂದು ಕಲ್ಲಿನ ಮನೆ ಕಟ್ಟಿದ್ದ. ಎರಡು ತಿಂಗಳು ಆ ಮನೆಯ ಹೆಣ್ಣುಮಗಳು ಅವನಿಗೆ ಅಣ್ಣ ಎಂದು ಕರೆದು ರೊಟ್ಟಿ ಕೊಟ್ಟಿದ್ದಳು. ಗಣಪತಿ ಕಳಿಸಿದ ಮರುದಿನ ಬೆಳಗಿನ ಜಾವ ಭೂಮಿ ನಡುಗಿತು. ಧನರಾಜ ಸಿಕ್ಕ ಲಾರಿ ಹಿಡಿದು ಹೋದ. ಐದು ಜನ ಆ ಗೋಡೆಗಳ ಕೆಳಗಿದ್ದರು.

“ನಾ ಇಟ್ಟ ಕಲ್ಲು ನಾನೇ ತೆಗದೇನ್ರಿ. ಒಂದೊಂದರ ಮ್ಯಾಲೂ ನನ್ನ ಉಳಿ ಗುರ್ತಿತ್ತು. ಯಾವ ಕಲ್ಲು ಯಾವತ್ತ ಇಟ್ಟೆ ಅಂತ ಸುದ್ದಾ ಗೊತ್ತಾಗಾಕತ್ತಿತ್ತು.”

ಶಾಯಿಸ್ತಾ ಅತ್ತಳು, ಅದನ್ನು ಮುಚ್ಚಿಡಲಿಲ್ಲ. ಆಮೇಲೆ ಎದ್ದು ಹೋಗಿ ಮುಖ್ಯಸ್ಥರ ಹತ್ತಿರ ಬೀಗದ ಕೈ ಇಸಿದುಕೊಂಡಳು. ಉಳಿದ ಒಂಬತ್ತು ದಿನ ಮಂಟಪದ ಕದ ತೆರೆದೇ ಇತ್ತು. ಧನರಾಜನ ಚಾಪೆ ಹೊರಗಿನ ಶಾಮಿಯಾನದಲ್ಲಿತ್ತು. ಕೈ ನಡುಗುವುದಕ್ಕೆ ಡಾಕ್ಟರು ಗುಳಿಗೆ ಕೊಟ್ಟರು. ಆಶ್ಚರ್ಯವೆಂದರೆ ಕದ ತೆರೆದಿದ್ದರೂ ನಲವತ್ತರಲ್ಲಿ ಮೂವರೇ ಓಡಿಹೋದರು, ಅವರಲ್ಲಿ ಒಬ್ಬ ವಾಪಸು ಬಂದ.

ಬಸವಣಪ್ಪನನ್ನೂ ಶಾಯಿಸ್ತಾ ಕೇಳಿದಳು. “ಚಾಚಾ, ಯಾವಾಗಿಂದ?”

“ಹಲ್ಲು ನೋಯಾಕ ಹತ್ತಿದಾಗಿಂದ.”

“ಹಲ್ಲು ಯಾವಾಗಿಂದ?”

ಬಸವಣಪ್ಪ ಬೆರಳು ಮಡಚಿದ. ನಾಲ್ಕನೆಯ ಬೆರಳಿಗೆ ಬಂದವನು ಕೈ ಕೆಳಗಿಳಿಸಿದ.

“ಹೇಳಬೇಕನಸಿದಾಗ ಹೇಳ್ರಿ,” ಅಂದಳು ಅವಳು.

ಕೊನೆಯ ದಿನ ಶಾಯಿಸ್ತಾ ಮನೆಯವರನ್ನೆಲ್ಲ ಕೂರಿಸಿಕೊಂಡಳು. ಮೊದಲು ಪುಡಿಯ ವಿಚಾರ ತೆಗೆದು ತುಳಜಾಬಾಯಿಗೆ ಚೆನ್ನಾಗಿ ಹೇಳಿದಳು. ಅಂಥ ಪುಡಿಗೆ ಜೀವ ಹೋದವರನ್ನು ಅವಳು ಕಂಡಿದ್ದಳು. ಆಮೇಲೆ ಬೆರಳು ಎಣಿಸುತ್ತ, “ಕದ ಹಾಕಬ್ಯಾಡ್ರಿ. ಹಿಂದಿನಿಂದ ಬಂದು ಮುಟ್ಟಬ್ಯಾಡ್ರಿ. ದೊಡ್ಡ ಸಪ್ಪಳ ಆಗೋದಿದ್ರ ಮೊದಲ ಹೇಳ್ರಿ. ಎಲ್ಲಿ ಮಲಗತಾನ, ಎಲ್ಲಿ ಉಣ್ಣತಾನ, ಅವನ್ನ ಕೇಳ್ರಿ. ಏನ ಮಾಡಿದ್ರೂ ಕೇಳಿ ಮಾಡ್ರಿ. ಗುಳಗಿ ತಪ್ಪಸಬ್ಯಾಡ್ರಿ. ಒಂದಿನ ಕುಡದು ಬಂದ್ರ ಅವತ್ತ ಬೈಯಬ್ಯಾಡ್ರಿ, ಮರುದಿನ ಮುಂಜಾನಿ ಏನಾತು ಅಂತ ಕೇಳ್ರಿ,” ಅಂದಳು.

“ಇದೇನ ದವಾ ಅಲ್ಲಲ್ರಿ,” ತುಳಜಾಬಾಯಿ ಅಂದಳು.

“ಪಥ್ಯ ಅನ್ಕೋರಿ.”

ತುಳಜಾಬಾಯಿಗೆ ಪಥ್ಯವೆಂದರೆ ತಿಳಿಯುತ್ತದೆ. ಬಾಣಂತಿಗೆ ಬದನೆಕಾಯಿ ಕೊಡಬಾರದೆಂದರೆ ಓಣಿಯಲ್ಲೇ ಬದನೆಕಾಯಿ ಬೇಯಿಸಲು ಬಿಡದವಳು ಅವಳು. ವಿದ್ಯಾವತಿ ಮಗಳೊಂದಿಗೆ ಹುಮನಾಬಾದಿಗೆ ಮರಳಿದಳು. ಗಣಪತಿ ಕಳಿಸುವವರೆಗೆ ಎಂದು ಶರಣಕುಮಾರ ಬಸ್‌ಸ್ಟ್ಯಾಂಡಿನಲ್ಲೂ ಒಮ್ಮೆ ನೆನಪು ಮಾಡಿದ. ಮರುದಿನದಿಂದ ಪಥ್ಯ ಶುರುವಾಯಿತು.

“ಹಿಟ್ಟು ನಾದಿದ್ದಾತು. ಇನ್ನ ರೊಟ್ಟಿ ಬಡೀತೀನಿ, ಸಪ್ಪಳ ಆಗ್ತದ,” ತುಳಜಾಬಾಯಿ ಒಲೆಯ ಮುಂದಿನಿಂದ ಕೂಗಿದಳು. ಸ್ವಲ್ಪ ಹೊತ್ತಿಗೆ, “ಕೊಡಪಾನ ಇಳಸಾಕತ್ತೇನಿ, ಯಾರೂ ಅಂಜಬ್ಯಾಡ್ರಿ.” ಮತ್ತೆ, “ಕುಕ್ಕರ ಎರಡು ಸೀಟಿ ಹೊಡೀತದ. ಒಂದು ಈಗ. ಇನ್ನೊಂದು ಆಮ್ಯಾಲ.”

ಪಕ್ಕದ ಮನೆಯ ಮುನ್ನಿ ಬೀ ಕಂಪೌಂಡಿನ ಮೇಲೆ ತಲೆ ಹಾಕಿದಳು. “ತುಳಜಾಬಾಯಿ, ಯಾರಿಗಿ ಜಾಹೀರ ಮಾಡಾಕತ್ತೀರಿ? ಎಲೆಕ್ಷನ್ ಬಂತೇನು?”

“ನಮ್ಮ ಮನ್ಯಾಗ ಪಥ್ಯ ನಡದದ, ಬೀ. ನೀವೂ ಜರಾ ಬಟ್ಟಿ ಒಗಿಯೋ ಮುಂದ ಹೇಳಿ ಒಗೀರಿ.”

ಮುನ್ನಿ ಬೀ ಒಳ್ಳೆಯ ಹೆಂಗಸು. ಮಧ್ಯಾಹ್ನ ಗೋಡೆಯ ಆಚೆಯಿಂದ, “ಒಗೀತೀನ್ರೀ, ಪೂರಾ ಎಂಟು ಚಾದರ ಅದಾವ,” ಎಂಬ ದನಿ ಕೇಳಿತು. ವಿಜಯಶ್ರೀ ಸೀನು ಬಂದರೂ ಅಪ್ಪನಿಗೆ ಮೊದಲು ತಿಳಿಸಬೇಕೆಂದು ಹೋಗುತ್ತಿದ್ದಳು, ಹೇಳುವಷ್ಟರಲ್ಲಿ ಸೀನು ಹೋಗಿರುತ್ತಿತ್ತು.

ಪಥ್ಯ ಎಲ್ಲರಿಗಿಂತ ಕಷ್ಟವಾದದ್ದು ಬಸವಣಪ್ಪನಿಗೆ. ಮಗನಿಗೆ ಬೈಯದೆ ಅವನಿಗೆ ಮುಂಜಾನೆ ಹೊರಕಡೆಗೂ ಹೋಗಲು ಆಗುತ್ತಿರಲಿಲ್ಲ. ಮೂರು ದಿನ ತಡೆದ. ನಾಲ್ಕನೆಯ ದಿನ ಹೊರಸಿನ ಎದುರಿಗೆ ಬಂದು ಕೈಕಟ್ಟಿ ನಿಂತ.

“ಧನರಾಜಾ, ನಿನಗ ಒಂದ್ಚೂರು ಬೈಬೇಕಂತ ಮಾಡೇನಿ. ನಡೀತದೇನು?”

ಧನರಾಜ ಎದ್ದು ಕೂತ. “ಈಗ ಬ್ಯಾಡಪಾ. ಚಾ ಕುಡದಿಂದ ಬೈ.”

“ಆತು.”

ಚಹಾ ಆಯಿತು. ಬಸವಣಪ್ಪ ಮತ್ತೆ ಬಂದು ನಿಂತ, ಬಾಯಿ ತೆರೆದ, ಏನು ಬೈಯಬೇಕೆಂದಿದ್ದನೋ ಮರೆತುಹೋಗಿತ್ತು. “ನಾಳೆ ಬೈತೀನಿ,” ಎಂದು ಹೋದ. ಧನರಾಜ ನಕ್ಕ. ಅವನು ನಕ್ಕದ್ದನ್ನು ಕಿಟಕಿಯಿಂದ ನೋಡಿದ ವಿದ್ಯಾವತಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಅವಳ ಪಥ್ಯ ಬೇರೆಯದು. ನಾಲ್ಕು ವರ್ಷ ಸಂಜೆಯಾದರೆ ಬಾಗಿಲಲ್ಲಿ ನಿಂತು ಗಂಡನ ಬಾಯಿ ಮೂಸುವುದು ಅವಳ ಕೆಲಸವಾಗಿತ್ತು. ಪೊಲೀಸನಿಗೂ ಅಷ್ಟು ಚೆನ್ನಾಗಿ ಬರಲಿಕ್ಕಿಲ್ಲ, ಯಾವ ಅಂಗಡಿಯ ಸಾರಾಯಿ ಎಂದೂ ಹೇಳಬಲ್ಲವಳಾಗಿದ್ದಳು. ಈಗ ಸೆರಗಿನ ತುದಿ ಮೂಗಿಗೆ ಒತ್ತಿ ಹಿಡಿದುಕೊಂಡು, “ಉಂಡೀರೇನು?” ಎಂದು ಕೇಳುತ್ತಿದ್ದಳು.

“ಇಲ್ಲ.”

“ಒಳಗ ಉಣ್ಣತೀರೋ, ಇಲ್ಲೇ ತರಲೋ?”

“ಇಲ್ಲೇ.”

ಹೀಗೆ ಹದಿನೈದು ದಿನವಾದ ಮೇಲೆ ಒಂದು ಸಂಜೆ ಅವನು, “ಹೊಸ್ತಲ ಒಳಗ ಹಾಕು,” ಅಂದ. ಹೊಸ್ತಿಲಿನಿಂದ ಒಳಗೆ ಒಂದು ಮಾರು. ಅವಳು ತಾಟು ಇಟ್ಟು, ಕದ ಪೂರ್ತಿ ತೆರೆದು, ಅದಕ್ಕೆ ಒರಳುಕಲ್ಲು ಆನಿಸಿ ಇಟ್ಟಳು. ಅವನು ಎರಡು ರೊಟ್ಟಿ ಉಂಡು ಹೊರಗೆ ಹೋದ. ಆ ಎರಡು ರೊಟ್ಟಿ ಅವಳಿಗೆ ಮದುವೆ ಊಟಕ್ಕಿಂತ ಹೆಚ್ಚಾಯಿತು.

ಅಷ್ಟರಲ್ಲಿ ಗಣಪತಿ ಬಂದ, ಹನ್ನೊಂದನೆಯ ದಿನ ಹೋಗಲು ಹೊರಟ. ಆ ದಿನ ಯಾವುದೆಂದು ಮನೆಯವರು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಭೂಮಿ ನಡುಗಿದ್ದು ಇದೇ ಹಬ್ಬದ ಮರುದಿನ. ಮಧ್ಯಾಹ್ನ ಮೂರಕ್ಕೆ ಓಣಿಯ ತುದಿಯಲ್ಲಿ ಬ್ಯಾಂಡು ಬಂತು, ಅದರ ಹಿಂದೆ ಹುಡುಗರು ಸರಪಟಾಕಿ ಹಚ್ಚಿದರು. ಊರಿನ ಗಣಪತಿಗೆ ಯಾರೂ ಪಥ್ಯ ಹೇಳಿರಲಿಲ್ಲ. ತುಳಜಾಬಾಯಿ “ಪಟಾಕಿ ಹಚ್ಚತಾರ” ಎಂದು ಕೂಗುವ ಹೊತ್ತಿಗೆ ಹೊರಸು ಖಾಲಿಯಾಗಿತ್ತು.

ಸಂಜೆ ಧನರಾಜ ಇಬ್ಬರ ಹೆಗಲ ಮೇಲೆ ಮನೆಗೆ ಬಂದ. ಬಸವಣಪ್ಪ ಬಾಯಿ ತೆರೆದ, ತುಳಜಾಬಾಯಿ ಬೆರಳು ತೋರಿಸಿದಳು, ಬಾಯಿ ಮುಚ್ಚಿದ. ವಿದ್ಯಾವತಿ ಗಂಡನ ಕಾಲು ತೊಳೆದು ಮಲಗಿಸಿದಳು. ಒಳಗೆ ಹೋಗಿ ಅಕ್ಕಿ ಡಬ್ಬಿಯ ಮೇಲೆ ಕೂತು ಅತ್ತಳು. ಗಣಪತಿ ಕಳಿಸಿ ಆಗಿತ್ತು. ಅಣ್ಣ ನಾಳೆ ಬರುತ್ತಾನೆ.

ಬೆಳಗಾಯಿತು. ಧನರಾಜ ಎದ್ದು ತಲೆ ತಗ್ಗಿಸಿ ಕೂತಿದ್ದ. ಅವಳು ಎದುರಿನಿಂದ ಬಂದು ಚಹಾ ಕೊಟ್ಟಳು.

“ನಿನ್ನೆ ಏನಾತ್ರಿ?”

“ಪಟಾಕಿ ಸಪ್ಪಳಕ್ಕ ಗ್ವಾಡಿ ಅಳ್ಳಾಡಿದಂಗಾತು. ನಿಂದ್ರಾಕ ಆಗಲಿಲ್ಲ, ಓಡಿದೆ. ಓಡಿದ ಕಡಿ ಅಂಗಡಿ ಇತ್ತು.” ಬಸಿಯನ್ನು ಹೊರಸಿನ ಮೇಲಿಟ್ಟ. “ಮೂವತ್ತೈದು ದಿನ ಆಗಿತ್ತು, ವಿದ್ಯಾ. ನಾನೂ ಎಣಸಾಕತ್ತಿದ್ದೆ.”

ಅವನೂ ಎಣಿಸುತ್ತಿದ್ದ ಎಂಬುದು ಅವಳಿಗೆ ಗೊತ್ತಿರಲಿಲ್ಲ. ತಾನೊಬ್ಬಳೇ ಎಣಿಸುತ್ತಿದ್ದೇನೆ ಅಂದುಕೊಂಡಿದ್ದಳು.

ಹತ್ತು ಗಂಟೆಗೆ ಶರಣಕುಮಾರ ಬಂದ. ಬಸ್ಸಿಗೆ ಬರಲಿಲ್ಲ, ತಂಗಿಯ ಟ್ರಂಕು, ಪಾತ್ರೆ, ಹೊಲಿಗೆ ಮಶೀನು ಹಾಕಿಕೊಂಡು ಹೋಗಲು ಟೆಂಪೋ ತಂದಿದ್ದ. ನಿನ್ನೆಯ ಸುದ್ದಿ ಅವನಿಗೆ ಯಾರು ಹೇಳಿದರೆಂದು ಯಾರೂ ಕೇಳಲಿಲ್ಲ.

“ವಿದ್ಯಾ, ಸಾಮಾನ ಕಟ್ಟು.”

“ಮೊದಲ ಉಣ್ಣು, ಶರಣಪ್ಪಾ,” ತುಳಜಾಬಾಯಿ ತಾಟು ತಂದೇಬಿಟ್ಟಳು. “ಬೀಗರ ಮನ್ಯಾಗಿಂದ ಹಸದು ಹೋಗಬಾರದು. ಈಗ ತಾಟು ಇಡತೀನಿ, ಸಪ್ಪಳ ಆಗ್ತದ.”

ಜಗಳಕ್ಕೆ ಬಂದವನಿಗೂ ಊಟ ಬೇಡ ಅನ್ನುವುದು ಆ ಕಡೆ ಆಗದ ಮಾತು. ಅಂಗಳದಲ್ಲಿ ಎಲ್ಲರೂ ಕೂತರು, ಟೆಂಪೋ ಡ್ರೈವರನೂ ಕೂತ. ಶರಣಕುಮಾರ ಒಂದು ತುತ್ತು ಉಂಡು, “ಇದು ಸಿಟ್ಟಿನ ಮಾತಲ್ಲ. ಒಪ್ಪಿದ ಮಾತು. ಇವರು ಕುಡದರು, ಅಕಿ ಬರತಾಳ. ಕುಡುಕರನ್ನ ಕೇಳಿ ಕೇಳಿ ಮುದ್ದು ಮಾಡಿದ್ರ ಹಿಂಗ ಆಗ್ತದ,” ಅಂದ.

ವಿದ್ಯಾವತಿ ಬಡಿಸುತ್ತಿದ್ದ ಸೌಟು ಗಡಿಗೆಯಲ್ಲೇ ನಿಂತಿತು. ಆಗ ಬಸವಣಪ್ಪ ರೊಟ್ಟಿ ಕೆಳಗಿಟ್ಟು ಹೆಂಡತಿಯ ಕಡೆ ತಿರುಗಿದ.

“ಏ, ಉಣ್ಣೋ ಮುಂದ ಆ ಊರ ಹೆಸರು ತಗೀಬೇಕಾಗ್ಯದ. ನಡೀತದೇನು?”

ತುಳಜಾಬಾಯಿ ಅವನನ್ನು ನೋಡಿ, “ತಗೀರಿ,” ಅಂದಳು.

“ಶರಣಪ್ಪಾ, ಕಿಲ್ಲಾರಿ ಕಡಿ ಧನರಾಜ ಕಟ್ಟಿದ ಮನಿ ಗುತ್ತಿಗಿ ಹಿಡದಾಂವ ನಾನು. ಸಿಮೆಂಟ ಹಾಕೂಣಪಾ, ನಡುವ ಕಬ್ಬಿಣ ಕೂಡಸೂಣು ಅಂತ ಧನರಾಜ ಎರಡು ಸಲ ಅಂದ. ನನಗ ಕಲಸಾಕ ಬರಬ್ಯಾಡ ಅಂತ ಬೈದು ಮಣ್ಣಾಗ ಕಟ್ಟಿಸಿದೆ. ನಮ್ಮಪ್ಪ ಮಣ್ಣಾಗ ಕಟ್ಟಿದ್ದು ಇನ್ನೂ ನಿಂತಾವ ಅಂದೆ. ಐದು ಜನ ಹೋದರು.” ಮಗನ ಕಡೆ ಕೈ ಮಾಡಿದ. “ಇಂವ ಇವತ್ತಿನ ತನಕ ಯಾರ ಮುಂದೂ ನನ್ನ ಹೆಸರು ಹೇಳಿಲ್ಲ. ಆ ಸಿಸ್ಟರ್ ಮುಂದೂ ಹೇಳಿಲ್ಲ. ನಾ ಕದ್ದು ಕುಡದು, ದಿನಾ ಮುಂಜಾನಿ ಇವನ್ನ ಕುಡುಕ ಅಂತ ಬೈದೆ. ನನ್ನ ಹಲ್ಲಿಗಿ ಏನೂ ಆಗಿಲ್ಲ. ಹಲ್ಲು ಗಟ್ಟಿ ಅದಾವ.”

ಅರವತ್ತೈದರ ಗೌಂಡಿ ತಾಟಿನ ಮುಂದೆ ಕೂತು ಗಟ್ಟಿಯಾಗಿ ಅತ್ತ. ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ, ಪಥ್ಯದಲ್ಲಿ ಅಪ್ಪ ಅತ್ತರೆ ಏನು ಮಾಡಬೇಕೆಂದು ಹೇಳಿರಲಿಲ್ಲ. ಧನರಾಜ ಸರಿದು ಅವನ ಎದುರಿಗೆ ಬಂದ.

“ಅಪ್ಪಾ, ಕೈ ಹಿಡೀಲೇನು?”

ಬಸವಣಪ್ಪ ಹೂಂ ಎಂದು ತಲೆ ಅಲ್ಲಾಡಿಸಿದ. ಧನರಾಜ ಹಿಡಿದ. “ಆ ಕಡಿ ಎಲ್ಲಾರೂ ಹಂಗ ಕಟ್ಟತಿದ್ರು. ನೀ ಒಬ್ಬಾಂವ ಅಲ್ಲ,” ಅಂದ. “ರೊಟ್ಟಿ ಆರಾಕತ್ತಾವ. ಉಣ್ಣು.”

ವಿದ್ಯಾವತಿ ಸೌಟು ಕೆಳಗಿಟ್ಟಳು. “ಅಣ್ಣಾ, ನಾ ಬರಂಗಿಲ್ಲ.”

“ಮತ್ತ ಕುಡದ್ರ?”

“ಕುಡೀಬಹುದು. ಮರುದಿನ ಕೇಳತೀನಿ. ನಾಕು ವರ್ಷ ಬಾಯಿ ಮೂಸಿ ಏನೂ ಗೊತ್ತಾಗಿರಲಿಲ್ಲ ಅಣ್ಣಾ. ಈ ಮನ್ಯಾಗ ಖರೇ ಮಾತು ಹೊರಗ ಬೀಳಾಕ ಹತ್ತಿ ಇನ್ನ ಒಂದು ತಾಸು ಆಗಿಲ್ಲ. ಈಗ ಎದ್ದು ಬಾ ಅಂದ್ರ ಹ್ಯಾಂಗ ಬರಲಿ?”

ಶರಣಕುಮಾರ ತಂಗಿಯನ್ನು ನೋಡಿದ, ಭಾವನನ್ನು ನೋಡಿದ, ಮುದುಕನನ್ನು ನೋಡಿದ. ಇಷ್ಟೆಲ್ಲವನ್ನು ತೂಗುವ ತಕ್ಕಡಿ ಅವನ ಅಂಗಡಿಯಲ್ಲಿರಲಿಲ್ಲ. “ನಿನ್ನ ಮರ್ಜಿ,” ಎಂದು ಕೈ ತೊಳೆದ. ಡ್ರೈವರ್ ಮಾತ್ರ, “ಖಾಲಿ ಹೋಗೂದೇನ್ರಿ?” ಎಂದು ಬೇಸರಪಟ್ಟ.

“ಖಾಲಿ ಯಾಕ, ನಾ ಬರತೀನಿ,” ಅಂದಳು ತುಳಜಾಬಾಯಿ.

ಅವಳು ಯಾವಾಗ ಒಳಗೆ ಹೋಗಿ ಹಸಿರು ಇಳಕಲ್ ಸೀರೆ ಉಟ್ಟಳೋ ಯಾರೂ ನೋಡಿರಲಿಲ್ಲ. ಕೈಯಲ್ಲೊಂದು ಚೀಲ ಹಿಡಿದು ಟೆಂಪೋದ ಮುಂದಿನ ಸೀಟಿಗೆ ಏರಿ ಕೂತಳು.

“ಏ, ಎಲ್ಲಿಗಿ?” ಬಸವಣಪ್ಪ ಕಣ್ಣು ಒರೆಸಿಕೊಂಡು ಎದ್ದ.

“ಆ ಸಿಸ್ಟರ್ ಕಡಿ.”

“ಅಲ್ಲಿಗಿ ಹೋಗಾಕ ನೀ ಏನು ಕುಡೀತೀಯೇನು?”

“ಕುಡದಿದ್ರ ಯಾರರೆ ವಿಚಾರಸತಿದ್ರು. ನಲವತ್ತು ವರ್ಷಾತು ಈ ಮನಿಗಿ ಬಂದು. ಒಬ್ಬ ಕುಡದು ಬಂದ್ರ ಒಬ್ಬಗ ರೊಟ್ಟಿ ಬಡದೆ. ಇಬ್ಬರು ಕುಡದು ಬಂದ್ರ ಇಬ್ಬರಿಗೂ ಬಡದೆ. ಆವತ್ತ ಭೂಮಿ ಅಳ್ಳಾಡಿದಾಗ ಇದೇ ಮಾಳಿಗಿ ಕೆಳಗ ನಾನೂ ಮಲಗಿದ್ದೆ. ಮಗ ಅತ್ತ ಲಾರಿ ಹತ್ತಿದ, ನೀವು ಅವನ ಹಿಂದ ಓಡಿದ್ರಿ. ಆ ಹೆಸರು ತಗೀಬ್ಯಾಡ್ರಿ ಅಂತ ನಾ ಯಾಕ ಅಂದೆ, ಒಬ್ಬರರೆ ಕೇಳೀರೇನು? ಅಕಿ ಕೇಳತಾಳ. ಅದಕ್ಕ ಹೊಂಟೇನಿ.”

ಧನರಾಜ ತಾಯಿಯ ಮುಖವನ್ನು ಈಗ ಮೊದಲ ಸಲ ನೋಡುತ್ತಿರುವವನಂತೆ ನಿಂತ.

“ಮತ್ತ ಸಂಜಿಗಿ ರೊಟ್ಟಿ?” ಬಸವಣಪ್ಪ ಅಂದ.

“ಮುತ್ಯಾ,” ವಿಜಯಶ್ರೀ ಅವನ ಧೋತರ ಜಗ್ಗಿದಳು. “ರೊಟ್ಟಿ ನಾವು ಮಾಡತೀವಿ. ನೀ ಹೋಗಿ ಕೇಳು.”

ಬಸವಣಪ್ಪ ಟೆಂಪೋದ ಹತ್ತಿರ ಹೋದ. ಎದುರಿನಿಂದಲೇ ಹೋದ. ನಲವತ್ತು ವರ್ಷ ಅವನಿಗೆ ಹೆಂಡತಿಯನ್ನು ಕರೆಯಲು ‘ಏ’ ಅನ್ನುವುದು ಸಾಕಾಗಿತ್ತು. ಈಗ ಸಾಲಲಿಲ್ಲ.

“ತುಳಜಾ,” ಅಂದ. ಅಷ್ಟಕ್ಕೇ ಬೆವೆತ. “ಆವತ್ತ ನಿನಗ ಏನಾತು?”

ತುಳಜಾಬಾಯಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸೀಟಿನಲ್ಲಿ ಸ್ವಲ್ಪ ಸರಿದಳು.

“ಹೇಳಾಕ ಹೊತ್ತು ಹಿಡೀತದ. ಏರಿ ಕುಂದರ್ರಿ.”

ಬಸವಣಪ್ಪ ಧೋತರ ಎತ್ತಿಕೊಂಡು ಏರಿದ. ತಂಗಿಯ ಟ್ರಂಕು ಹೋಗಬೇಕಾಗಿದ್ದ ಹಿಂದಿನ ಜಾಗದಲ್ಲಿ ಶರಣಕುಮಾರ ಹತ್ತಿ ಕೂತ. ಬಸವಕಲ್ಯಾಣ ಒಂದು ತಾಸಿನ ದಾರಿ. ಟೆಂಪೋ ಓಣಿ ದಾಟುವ ಮೊದಲೇ ತುಳಜಾಬಾಯಿ ಹೇಳಲು ಶುರುಮಾಡಿದ್ದಳು.